ತಿಗಣೆಗೆ ಹೆದರಿ ಹೊದಿಕೆಗಳನ್ನು ಎಸೆಯಬೇಡಿ

ವಿದೇಶಕ್ಕೆ ಬಂದು ಬಾಡಿಗೆ ಮನೆ ಸೇರಿ ಹದಿನೈದು ದಿನವೂ ಆಗಿಲ್ಲ, ಬೆಳಿಗ್ಗೆ ಎದ್ದರೆ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದುಗಳಿರುತ್ತವೆ, ಇಷ್ಟು ಶುಚಿಯಾದ ದೇಶದಲ್ಲೂ ತಿಗಣೆ ಇರುತ್ತದೆಯೇ, ಬಟ್ಟೆಬರೆಯನ್ನೆಲ್ಲ ಎಸೆದುಬಿಡಬೇಕೇ, ಮಾಲೀಕರಿಗೆ ತಿಳಿಸಿದರೆ ಮನೆ ಬಿಡಿಸುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಚಳಿಗಾಲದ ಒಂದು ರಾತ್ರಿ ದೀಪ ಹಾಕಿ ದಿಂಬು ಎತ್ತಿದಾಗ, ಚಪ್ಪಟೆಯಾದ ಕಂದು ಹುಳವೊಂದು ಹಾಸಿಗೆಯ ಹೊಲಿಗೆಯ ಸಂದಿಗೆ ಸರಸರನೆ ನುಸುಳಿದ್ದನ್ನು ಕಂಡು ನನಗೂ ಇವೇ ಪ್ರಶ್ನೆಗಳು ಎದ್ದಿದ್ದವು.

ಇರುತ್ತದೆ. ತಿಗಣೆಗೆ ಬೇಕಾದುದು ರಕ್ತವೇ ಹೊರತು ಕೊಳೆಯಲ್ಲ. ಚಳಿಗಾಲದಲ್ಲೂ ಬೆಚ್ಚಗಿಟ್ಟ ಮನೆಯಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಎರಡನೇ ಮಹಾಯುದ್ಧದ ನಂತರ ಡಿಡಿಟಿಯಿಂದ ಅದನ್ನು ಬಹುಮಟ್ಟಿಗೆ ಹೊರಗಟ್ಟಿದ್ದ ಶ್ರೀಮಂತ ದೇಶಗಳಿಗೇ 1990ರ ದಶಕದ ಕೊನೆಯಿಂದ ಅದು ಮರಳಿ ಬಂದಿದೆ. 2017ರಿಂದ 2022ರ ನಡುವೆ ಫ್ರಾನ್ಸಿನ ನೂರು ಮನೆಗಳಲ್ಲಿ ಸುಮಾರು 11ಕ್ಕೆ ತಿಗಣೆ ಹತ್ತಿತ್ತೆಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಹೇಳಿದೆ. ಆದ್ದರಿಂದ ನಾವೇ ಹೊತ್ತು ತಂದೆವೇನೋ ಎಂಬಂತೆ ನೋಡುವವರೆದುರು ತಲೆ ತಗ್ಗಿಸಬೇಕಾಗಿಲ್ಲ.

ದದ್ದೊಂದನ್ನೇ ನಂಬಬೇಡಿ. ಕಚ್ಚಿದ ಗುರುತು ಏಳಲು ಕೆಲವರಿಗೆ 14 ದಿನಗಳವರೆಗೂ ಹಿಡಿಯುತ್ತದೆ, ಕೆಲವರಿಗೆ ಏಳುವುದೇ ಇಲ್ಲ. ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿ: ಬಟ್ಟೆಯೊಳಗೆ ಇಳಿದ ಶಾಯಿಯ ಚುಕ್ಕೆಯಂಥ ಕಪ್ಪು ಕಲೆ, ಕಳಚಿದ ತೆಳು ಪೊರೆ ಅಥವಾ 5ರಿಂದ 7 ಮಿಲಿಮೀಟರ್ ಉದ್ದದ ಹುಳ ಸಿಕ್ಕರೆ ಅನುಮಾನವಿಲ್ಲ. ಹುಳ ಸಿಕ್ಕರೆ ಅದನ್ನು ಟೇಪಿಗೆ ಅಂಟಿಸಿಡಿ. ಅದು ರೋಗ ಹರಡುತ್ತದೆಂಬುದಕ್ಕೆ ಆಧಾರವಿಲ್ಲ, ನಿದ್ದೆಯನ್ನಂತೂ ಕೆಡಿಸುತ್ತದೆ.

ಎಸೆಯುವ ವಿಚಾರವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅಂದು ಔಷಧಿ ಹೊಡೆಯಲು ಬಂದವನು ಬಟ್ಟೆಯ ವಸ್ತುಗಳನ್ನೆಲ್ಲ ಕಪ್ಪು ಚೀಲಕ್ಕೆ ತುಂಬಿ ಕಸಕ್ಕೆ ಹಾಕಬೇಕೆಂದು ಖಡಾಖಂಡಿತವಾಗಿ ಹೇಳಿದ. ಅಮ್ಮ ತನ್ನ ಹಳೆಯ ಸೀರೆಗಳಿಂದ ಹೊಲಿದುಕೊಟ್ಟ ಕೌದಿಯೂ ಅದರಲ್ಲಿ ಹೋಯಿತು. ಅದು ಎಂಥ ವಸ್ತುವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಂತರ ಕೊಂಡ ಯಾವ ಕಂಬಳಿಯೂ ನನಗೆ ಒಗ್ಗಲಿಲ್ಲ, ಅದರ ಸಂಕಟ ಇಂದಿಗೂ ಹೋಗಿಲ್ಲ. ಹಿಂದೆ ಹಿರಿಯರು ಮಂಚವನ್ನು ಬಿಸಿಲಿಗೆಳೆದು ಸಂದುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದುದು ನೆನಪಿದೆಯಲ್ಲ? ಇಲ್ಲಿನ ಉಪಾಯವೂ ಅದೇ, ಬಿಸಿಲಿನ ಬದಲು ಯಂತ್ರ ಅಷ್ಟೆ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಒಂದಷ್ಟು ಹೊತ್ತು ಇದ್ದರೆ ಹುಳವೂ ಮೊಟ್ಟೆಯೂ ಉಳಿಯುವುದಿಲ್ಲ. ಬಟ್ಟೆ, ಹೊದಿಕೆಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಹೋಗಿ, ಬಟ್ಟೆ ಒಣಗಿಸುವ ಡ್ರೈಯರಿನ ಬಾಯಿಯಲ್ಲೇ ಬಿಚ್ಚಿ ಸುರಿದು, ಅತಿ ಹೆಚ್ಚಿನ ಬಿಸಿಯಲ್ಲಿ ಕನಿಷ್ಠ ಅರ್ಧ ಗಂಟೆ ತಿರುಗಿಸಿ, ಹೊಸ ಚೀಲದಲ್ಲಿ ಮರಳಿ ತನ್ನಿ. ದಪ್ಪನೆಯ ಹೊದಿಕೆಗೆ ಇನ್ನೂ ಹೆಚ್ಚು ಹೊತ್ತು ಬೇಕು, ಬಿಸಿ ಒಳಪದರಕ್ಕೆ ಇಳಿಯಬೇಕಲ್ಲ. ಬಿಸಿ ತಾಳದ ವಸ್ತುಗಳನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರಾಯಿತು.

ಅಂಗಡಿಯಲ್ಲಿ ಸಿಗುವ, ಕೀಟನಾಶಕದ ಹೊಗೆ ಬಿಡುವ ಡಬ್ಬಿಗಳನ್ನು ತರಬೇಡಿ. ಆ ಹೊಗೆ ಸಂದುಗಳೊಳಗೆ ಇಳಿಯುವುದಿಲ್ಲ, ಮೇಲಾಗಿ ಅದರಲ್ಲಿರುವ ಪೈರೆಥ್ರಾಯ್ಡ್ ವಿಷವನ್ನು ತಡೆದುಕೊಳ್ಳುವ ತಿಗಣೆಗಳೇ ಈಗ ಹೆಚ್ಚು. ರಸ್ತೆ ಬದಿಯಲ್ಲಿ ಬಿಟ್ಟ ಸೋಫಾ ಎಷ್ಟೇ ಚೆನ್ನಾಗಿದ್ದರೂ ಒಳಗೆ ತರಬೇಡಿ.

ಮಾಲೀಕರಿಗೆ ಇಂದೇ ಚಿತ್ರಸಮೇತ ಬರಹದಲ್ಲಿ ತಿಳಿಸಿ. ಬಾಡಿಗೆಯ ಕಾನೂನು ಊರಿಂದೂರಿಗೆ ಬೇರೆಯಾದ್ದರಿಂದ ಕರಾರುಪತ್ರವನ್ನೊಮ್ಮೆ ಓದಿಕೊಳ್ಳಿ. ಔಷಧಿ ಹೊಡೆಯುವವರು ಸುಮಾರು ಎರಡು ವಾರದ ಬಳಿಕ ಮತ್ತೊಮ್ಮೆ ಬರುವಂತೆ ಮೊದಲೇ ಒಪ್ಪಿಸಿ, ಏಕೆಂದರೆ ಮೊಟ್ಟೆಗಳು ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಲ್ಲಿಯವರೆಗೆ ಹೆದರಿ ಹಾಲ್‌ನಲ್ಲಿ ಮಲಗಬೇಡಿ. ಮೈಯ ಬಿಸಿಯನ್ನೂ ಉಸಿರನ್ನೂ ಗುರುತಿಸಿ ಅವು ಅಲ್ಲಿಗೂ ಬರುತ್ತವೆ, ಆಮೇಲೆ ಒಂದು ಕೋಣೆಯ ಬದಲು ಎರಡಕ್ಕೆ ಔಷಧಿ ಹೊಡೆಸಬೇಕಾದೀತು.