ಕುದುರೆ ಕಲಿಯುವುದು ನಾವು ಬಿಟ್ಟಾಗ

ಕುದುರೆಯ ಒಡನಾಟದಿಂದ ಬದುಕಿಗೆ ಏನು ಕಲಿತಿರಿ ಅಂತ ಕೇಳಿದ್ದೀರಿ. ನೀವೂ ಸವಾರಿ ಕಲಿಯಬೇಕು ಅಂತಿದ್ದೀರಿ, ಎಲ್ಲಿಂದ ಶುರು ಮಾಡೋದು ಅಂತಲೂ ಕೇಳಿದ್ದೀರಿ. ನಾನು ಬೀದರಿನವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನದು ಅಂತ ಕುದುರೆ ಇಲ್ಲ. ನಮ್ಮ ಓಣಿಯ ಹಿಂದೆ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಚಾಚಾ ಇದ್ದಾರೆ. ಅವರ ತಂದೆ ಟಾಂಗಾ ಓಡಿಸುತ್ತಿದ್ದರಂತೆ. ನಾನು ಕಲಿತದ್ದು ಅವರ ಲಾಯದಲ್ಲಿ. ಈಗಲೂ ರಜೆ ಇದ್ದರೆ ಬೆಳಿಗ್ಗೆ ಅಲ್ಲೇ ಇರುತ್ತೇನೆ.

ಕುದುರೆ ಧೈರ್ಯ ಕಲಿಸುತ್ತದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಕಲಿಸಿದ್ದು ಬೇರೆ. ಕೇಳಿದ್ದು ಸಿಕ್ಕ ಕೂಡಲೇ ಕೇಳುವುದನ್ನು ನಿಲ್ಲಿಸಬೇಕು. ಇದೇ ನನ್ನ ಉತ್ತರ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುದುರೆಗೆ 'ನಡಿ' ಅಂತ ಹೇಳಬೇಕಾದರೆ ಎರಡೂ ಕಾಲುಗಳಿಂದ ಅದರ ಪಕ್ಕೆಯನ್ನು ಮೆಲ್ಲಗೆ ಒತ್ತುತ್ತೇವೆ. ಅದು ಒಂದು ಹೆಜ್ಜೆ ಎತ್ತಿತು ಅಂದ್ಕೊಳ್ಳಿ. ಆಗಲೇ ಕಾಲು ಸಡಿಲ ಬಿಡಬೇಕು. ಒತ್ತಿದ್ದರಿಂದ ಕುದುರೆ ಕಲಿಯುವುದಿಲ್ಲ, ಒತ್ತುವುದು ನಿಂತದ್ದರಿಂದ ಕಲಿಯುತ್ತದೆ. ಇವಳು ಕೇಳಿದ್ದು ಇದನ್ನೇ ಅಂತ ಅದಕ್ಕೆ ಗೊತ್ತಾಗೋದು ಆವಾಗ. ಸ್ವಲ್ಪ ತಡ ಮಾಡಿದರೂ ಅಷ್ಟರಲ್ಲಿ ಅದು ತಲೆ ಕೊಡವಿರುತ್ತದೆ, ಇಲ್ಲ ಪಕ್ಕಕ್ಕೆ ಸರಿದಿರುತ್ತದೆ. ತಲೆ ಕೊಡವಿದರೆ ಬಿಡುತ್ತಾರೆ ಅಂತ ಅದನ್ನೇ ಕಲಿತುಬಿಡುತ್ತದೆ. ನಾವು ಏನು ಕಲಿಸಬೇಕು ಅಂದುಕೊಂಡಿದ್ದೆವು ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ. ಯಾವಾಗ ಬಿಟ್ಟೆವು ಅನ್ನೋದಷ್ಟೇ ಲೆಕ್ಕ.

ಬಿಡದೇ ಒತ್ತುತ್ತಲೇ ಇದ್ದರೆ ಏನಾಗುತ್ತದೆ? ಕುದುರೆ ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸುವ ಪ್ರಾಣಿ ಅದು. ಅಷ್ಟು ಸೂಕ್ಷ್ಮ ಮೈ. ಆದರೂ ಹಿಮ್ಮಡಿಯಿಂದ ಒದ್ದರೂ ಕದಲದ ಕುದುರೆಗಳನ್ನು ನಾನು ನೋಡಿದ್ದೇನೆ. ಜನ ಅವನ್ನು ಮೊಂಡು ಅನ್ನುತ್ತಾರೆ. ಅವು ಮೊಂಡಲ್ಲ. ನಡೆದರೂ ಒದೆತ, ನಿಂತರೂ ಒದೆತ ಅಂತಾದ ಮೇಲೆ ಯಾಕೆ ನಡೆಯಬೇಕು ಹೇಳಿ?

ಬಾಯಿಯ ಕಥೆಯೂ ಇದೇ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ. ಕಡಿವಾಣ, ಅಂದರೆ ಲಗಾಮಿಗೆ ಕಟ್ಟಿ ಬಾಯೊಳಗೆ ಇಡುವ ಲೋಹದ ತುಂಡು, ಕೂರುವುದು ಅಲ್ಲಿ. ಎಲುಬಿನ ಮೇಲೆ ತೆಳ್ಳನೆಯ ಪದರ, ಅಷ್ಟೇ. ಲಗಾಮು ಜಗ್ಗಿದರೆ ಪೆಟ್ಟು ನೇರ ಅಲ್ಲಿಗೇ ಬೀಳುತ್ತದೆ. ಚಾಚಾರ ಹತ್ತಿರ ಚಾಂದನಿ ಅಂತ ಬಿಳಿ ಕುದುರೆ ಇದೆ. (ಇಂಥ ಬಿಳಿ ಕುದುರೆಗಳು ಹೆಚ್ಚಿನವು ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ, ವರ್ಷ ಕಳೆದಂತೆ ಬೆಳ್ಳಗಾಗುತ್ತವೆ.) ಅದು ಅವರ ಕೈಗೆ ಬಂದಾಗ ಬಾಯಿ ಗಟ್ಟಿಯಾಗಿತ್ತು. ಎರಡೂ ಕೈಯಿಂದ ಜಗ್ಗಿದರೂ ನಿಲ್ಲುತ್ತಿರಲಿಲ್ಲ. ಇನ್ನೂ ಬಿಗಿ ಕಡಿವಾಣ ಹಾಕಿ ಅಂತ ಎಲ್ಲರೂ ಹೇಳಿದರು. ಚಾಚಾ ಹಗುರವಾದದ್ದನ್ನು ಹಾಕಿದರು. ದಿನಾ ಅಂಗಳದಲ್ಲೇ ನಡೆಸಿ ನಿಲ್ಲಿಸುವುದು. ಅದು ಅರ್ಧ ನಿಂತರೂ ಲಗಾಮು ಸಡಿಲ. ತಿಂಗಳುಗಟ್ಟಲೆ ಇದನ್ನೇ ಮಾಡಿದರು. ಈಗ ಸವಾರ ಉಸಿರು ಬಿಟ್ಟು ಜೀನಿನ ಮೇಲೆ ಭಾರ ಊರಿದರೆ ಸಾಕು, ಚಾಂದನಿ ನಿಲ್ಲುತ್ತದೆ.

ನನಗೆ ಅವರು ಕಲಿಸಿದ ರೀತಿ ಇಷ್ಟವಾಯಿತು. ಲಗಾಮನ್ನು ನನ್ನ ಕೈಗೆ ಕೊಟ್ಟು, ಕಡಿವಾಣವನ್ನು ತಾವು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತರು. "ಬೇಟಿ, ಈಗ ನಾನೇ ಕುದುರೆ. ನಿಲ್ಲು ಅಂತ ಹೇಳು, ಬಾಯಿಂದ ಅಲ್ಲ." ಆಮೇಲೆ ನನ್ನನ್ನು ಕುದುರೆಯ ಜಾಗದಲ್ಲಿ ನಿಲ್ಲಿಸಿದರು. ಅವರು ಬೆರಳು ಬಿಗಿ ಮಾಡಿದ್ದು ಕೂಡ ನನ್ನ ಅಂಗೈಗೆ ತಿಳಿಯುತ್ತಿತ್ತು. ಬೆರಳು ಬಿಚ್ಚಿದಾಗ ಭುಜದವರೆಗೆ ಹಾಯೆನಿಸಿತು. ಸವಾರಿ ಕಲಿಯುವವರೆಲ್ಲ ಹತ್ತುವುದಕ್ಕೆ ಮೊದಲು ಇದನ್ನು ಒಮ್ಮೆ ಮಾಡಿ ನೋಡಬೇಕು.

ಇದು ನನಗೆ ತರಗತಿಯಲ್ಲಿ ಬಹಳ ಕೆಲಸಕ್ಕೆ ಬಂತು. ಹಳ್ಳಿಯಿಂದ ಬಂದ ಹುಡುಗಿ ಬೋರ್ಡಿನ ಮುಂದೆ ನಿಂತಿರುತ್ತಾಳೆ. ಸಮೀಕರಣದ ಒಂದು ಪದವನ್ನು ಆಚೆ ದಾಟಿಸಿ ಚಿಹ್ನೆಯನ್ನೂ ಸರಿಯಾಗಿ ಬದಲಿಸುತ್ತಾಳೆ. ನಾವು ಮೇಷ್ಟ್ರುಗಳು ಆಗ ಏನು ಹೇಳುತ್ತೇವೆ? "ಹ್ಞೂಂ, ಮುಂದೆ? ಬೇಗ." ಒಂದು ಹೆಜ್ಜೆ ಎತ್ತಿದ ಕುದುರೆಯ ಪಕ್ಕೆಗೆ ಮತ್ತೆ ಒದ್ದ ಹಾಗೆ. ನಾನು ಈಗ ಆ ಹೊತ್ತಿಗೆ ಹಿಂದೆ ಸರಿಯುತ್ತೇನೆ. ಕೊನೆ ಬೆಂಚಿನ ಹತ್ತಿರ ಹೋಗಿ ನಿಲ್ಲುತ್ತೇನೆ. ಸುಮ್ನೆ ಇರುತ್ತೇನೆ. ಅವಳು ಒಮ್ಮೆ ತಿರುಗಿ ನೋಡುತ್ತಾಳೆ, ಆಮೇಲೆ ಎರಡನೇ ಸಾಲನ್ನು ತಾನೇ ಬರೆಯುತ್ತಾಳೆ.

ಮನೆಯಲ್ಲೂ ಅಷ್ಟೇ. ಅಪ್ಪಾಜಿಗೆ ಸಕ್ಕರೆ ಕಾಯಿಲೆ. ಸಿಹಿ ಚಹಾ ಬಿಡಿ ಅಂತ ಅವ್ವ ದಿನಾ ಹೇಳುತ್ತಿದ್ದರು. ಒಂದು ದಿನ ಅಪ್ಪಾಜಿಯೇ "ನನಗ ಸಕ್ರಿ ಬ್ಯಾಡ" ಅಂದರು. ಅವ್ವ "ಮೊದಲೇ ಕೇಳಿದ್ರ ಏನಾಗ್ತಿತ್ತು" ಅಂತ ಶುರು ಮಾಡುವುದರಲ್ಲಿದ್ದರು, ನಾನು ಕಣ್ಸನ್ನೆ ಮಾಡಿದೆ. ಯಾರೂ ಏನೂ ಅನ್ನಲಿಲ್ಲ. ಚಹಾ ಬಂತು, ಅಪ್ಪಾಜಿ ಕುಡಿದರು, ಪೇಪರ್ ಓದಿದರು.

ಬಿಡುವುದು ಅಂದರೆ ಕೈಬಿಡುವುದಲ್ಲ. ಲಗಾಮು ಕೈಯಲ್ಲೇ ಇರುತ್ತದೆ, ಕುದುರೆಯ ಬಾಯಿಯ ಸುದ್ದಿ ಬೆರಳಿಗೆ ಬರುತ್ತಲೇ ಇರುತ್ತದೆ. ಅಂಕೆ ಇಲ್ಲದ ಚತುರೆ, ಲಗಾಮಿಲ್ಲದ ಕುದುರೆ ಅಂತ ಗಾದೆ ಇದೆಯಲ್ಲ, ಅದರ ಮೊದಲರ್ಧ ನನಗೆ ಹಿಡಿಸುವುದಿಲ್ಲ, ಎರಡನೆಯದು ನಿಜ. ಕುದುರೆ ಹೆದರಿ ಓಡಿ ಬದುಕುಳಿದ ಪ್ರಾಣಿ. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರಿದರೆ ಬೆದರುತ್ತದೆ. ಆಗ ಹೊಡೆದರೆ ಚೀಲ ಬಂದರೆ ಪೆಟ್ಟೂ ಬರುತ್ತದೆ ಅಂತ ಕಲಿಯುತ್ತದೆ. ಹೆದರಿಕೆಯನ್ನು ಅವಿಧೇಯತೆ ಅಂತ ತಿಳಿಯುವುದು ಮಕ್ಕಳ ವಿಷಯದಲ್ಲೂ ಎಷ್ಟು ನಡೆಯುತ್ತದೆ ಅಲ್ವಾ?

ಇದೇ ಮಾತಿಗೆ, ಮದುವೆ ಮಾಡುವವರಲ್ಲಿ ಒಂದು ಬೇಡಿಕೆ. ಕುದುರೆಯ ಕಾಲ ಬುಡದಲ್ಲಿ ಪಟಾಕಿ ಹಚ್ಚಬೇಡಿ, ಡಿಜೆ ಪೆಟ್ಟಿಗೆಯನ್ನು ಅದರ ಕಿವಿಯ ಪಕ್ಕ ತರಬೇಡಿ. ಅದು ಅಲುಗಾಡದೆ ನಿಂತಿದೆ ಅಂದರೆ ಖುಷಿಯಾಗಿದೆ ಅಂತಲ್ಲ.

ನಮ್ಮ ಕಡೆಗೆ ಕುದುರೆ ಹೊಸದೇನಲ್ಲ. 15ನೇ ಶತಮಾನದಲ್ಲಿ ಅಫಾನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಹಡಗಿನಲ್ಲಿ ಒಂದು ಗಂಡು ಕುದುರೆ ತಂದು ಬೀದರಿಗೆ ಬಂದ. ಆಗ ಇಲ್ಲಿ ಬಹಮನಿ ಸುಲ್ತಾನರು, ಮಹಮೂದ್ ಗವಾನ್ ವಜೀರ. ದಾರಿಯಲ್ಲಿ, ಈಗಿನ ಮಹಾರಾಷ್ಟ್ರದ ಜುನ್ನರ್ ಊರನ್ನು ಆಳುತ್ತಿದ್ದ ಖಾನ ಆ ಕುದುರೆಯನ್ನು ಕಿತ್ತುಕೊಂಡಿದ್ದ, ಹೇಗೋ ಮರಳಿ ಸಿಕ್ಕಿತು. ಒಂದು ವರ್ಷ ಮೇವು ಹಾಕಿ ಸಾಕಿ, ಕೊನೆಗೆ ಬೀದರಿನಲ್ಲಿ ಮಾರಿದೆ ಅಂತ ಅವನೇ ಬರೆದಿಟ್ಟಿದ್ದಾನೆ. ಇಲ್ಲಿಯವರು ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಸೇರಿಸಿ ಕಿಚಡಿ ಬೇಯಿಸಿ ಕೊಡುತ್ತಾರೆ ಅಂತಲೂ ಬರೆದಿದ್ದಾನೆ. ಆಳಂದದ ಜಾತ್ರೆ ಅಂತ ಈಗ ಗುರುತಿಸುವ ಒಂದು ಜಾತ್ರೆಗೆ 20,000ದವರೆಗೆ ಕುದುರೆ ಮಾರಾಟಕ್ಕೆ ಬರುತ್ತಿದ್ದವಂತೆ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಭೀಮಾ ತೀರದ ನಾಡ ತಳಿ ಭೀಮಥಡಿ ಕೂಡ ಇನ್ನೂ ಉಳಿದಿದೆ, ಮಹಾರಾಷ್ಟ್ರದ ಕಡೆ ಕುರಿಗಾರರ ಗಂಟುಮೂಟೆ ಹೊತ್ತು ನಡೆಯುತ್ತದೆ. ಗಟ್ಟಿ ಜೀವ.

ಈಗ ನಿಮ್ಮ ಕಲಿಕೆಯ ವಿಷಯ. ಮೊದಲಿಗೆ ಕುದುರೆ ಕೊಳ್ಳಬೇಡಿ. ಅದರ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ಮೇವು ಬೇಕು. ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಹೊಟ್ಟೆನೋವು ಬಂದರೆ ಜೀವಕ್ಕೇ ಅಪಾಯ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಯುವ ನಾಲಬಂದರನ್ನು ಕರೆಸಬೇಕು. ಇದೆಲ್ಲ ಇನ್ನೊಬ್ಬರ ಲಾಯದಲ್ಲಿ ಕಲಿಯುವುದೇ ಒಳ್ಳೆಯದು.

ಲಾಯ ಆರಿಸುವಾಗ ಜೀನು ತೆಗೆಸಿ ಬೆನ್ನು ನೋಡಿ. ಹುಣ್ಣು ಇದ್ದರೆ ಅಲ್ಲಿ ಕಲಿಯಬೇಡಿ. ಗ್ಲಾಂಡರ್ಸ್ ರೋಗದ ರಕ್ತ ಪರೀಕ್ಷೆ ಆಗಿದೆಯಾ ಕೇಳಿ, ಅದು ಮನುಷ್ಯರಿಗೂ ಹರಡುತ್ತದೆ. ಕೇಳಲು ಸಂಕೋಚ ಬೇಡ. ನೀವು ಧನುರ್ವಾಯು (ಟೆಟನಸ್) ತಡೆಯುವ ಇಂಜೆಕ್ಷನ್ ಹಾಕಿಸಿಕೊಂಡಿರಬೇಕು. ಹೆಲ್ಮೆಟ್ ಬೇಕೇ ಬೇಕು. ಸ್ವಲ್ಪ ಹಿಮ್ಮಡಿ ಇರುವ ಬೂಟು ಹಾಕಿ, ಇಲ್ಲದಿದ್ದರೆ ಪಾದ ರಿಕಾಪಿನಲ್ಲಿ (ಜೀನಿನಿಂದ ಇಳಿಬಿಟ್ಟ, ಕಾಲು ಊರುವ ಬಳೆ) ಸಿಕ್ಕಿಕೊಳ್ಳಬಹುದು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆದ್ದರಿಂದ ಸೂರ್ಯ ಏರುವ ಮೊದಲೇ ಸವಾರಿ ಮುಗಿಯಬೇಕು. ಮೊದಲ ಕೆಲವು ದಿನ ಹತ್ತಲೇಬೇಡಿ. ಲದ್ದಿ ತೆಗೆದು ಹಾಕಿ, ಮೈ ಉಜ್ಜಿ, ನೀರು ಕುಡಿಸಿ, ಗೊರಸು ಎತ್ತುವುದನ್ನು ಕಲಿಯಿರಿ. ಗೊರಸು ಎತ್ತಿಕೊಟ್ಟಾಗ ಕೆಲಸ ಮುಗಿಸಿ ಬೇಗ ಇಳಿಸಿ.

ಬೀದರ್ ಕಡೆ ಬರುವುದಿದ್ದರೆ ಇಲ್ಲೇ ತಿಳಿಸಿ, ಚಾಚಾರನ್ನು ಕೇಳಿ ನೋಡುತ್ತೇನೆ. ಏಪ್ರಿಲ್, ಮೇ ಬೇಡ. ಮದುವೆ ಸೀಸನ್ನಿನಲ್ಲಿ ಚಾಂದನಿ ರಾತ್ರಿಯೆಲ್ಲ ನಿಂತಿರುತ್ತದೆ, ಹಗಲು ಅದಕ್ಕೆ ವಿಶ್ರಾಂತಿ ಬೇಕು.