ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ಗ್ರಾಫೀನ್‌ನ, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯ, ‘ಮಾಯಾ ಕೋನ’ದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ‘ಇಂದಿನ ವಿಜ್ಞಾನ ಯುಗದಲ್ಲಿ’ ಎಂದು ಹೊರಟು, ಪರಮಾಣು, ಗ್ರಾಫೀನ್‌ಗೆ ಸಿಕ್ಕ 2010ರ ನೊಬೆಲ್ ಎಲ್ಲ ಸುತ್ತಿ ಬರುವಷ್ಟರಲ್ಲಿ ಓದುಗರು ಕಾಫಿಗೆ ಎದ್ದಿರುತ್ತಾರೆ. ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ: ಒಂದೇ ಹಾಳೆಯನ್ನು ಎರಡಾಗಿ ಹರಿದು, ಒಂದು ತುಂಡನ್ನು ಎತ್ತಿ, ಚೂರು ತಿರುಗಿಸಿ, ಇನ್ನೊಂದರ ಮೇಲೆ ಕೂರಿಸುತ್ತಾರೆ. ಅಲ್ಲಿಂದ ಶುರುಮಾಡಿ. ಒಂದೇ ಹಾಳೆ ಯಾಕೆ? ಎರಡೂ ತುಂಡಿನ ಪರಮಾಣು ಸಾಲುಗಳು ಮೊದಲೇ ಒಂದೇ ದಿಕ್ಕಿಗಿರುತ್ತವೆ. ಎಷ್ಟು ತಿರುಗಿಸಿದರೋ ಅಷ್ಟೇ ಕೋನ. ಬೇಕಾದದ್ದು ಸುಮಾರು 1.1 ಡಿಗ್ರಿ, ಅದೇ ಮಾಯಾ ಕೋನ. ಇದನ್ನೇ ನೀವು ಹೇಳಿಲ್ಲ.

‘ಮೊಯರೆ ವಿನ್ಯಾಸ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ ದೊಡ್ಡ ದೊಡ್ಡ ಕಣ್ಣು ಕಾಣುತ್ತವೆ, ಅಲ್ವಾ? ಅದೇ ಇದು. ಇಲ್ಲಿ ಒಂದು ಕಣ್ಣಿನ ಅಗಲ ಸುಮಾರು 13 ನ್ಯಾನೊಮೀಟರ್.

‘ಎಲೆಕ್ಟ್ರಾನ್‌ಗಳು ನಿಂತುಬಿಡುತ್ತವೆ’ ಎಂದಿದ್ದೀರಿ. ಈ ಕೋನದಲ್ಲಿ ಅವು ನಿಲ್ಲುವುದಿಲ್ಲ, ತುಂಬಾ ನಿಧಾನವಾಗುತ್ತವೆ. ಆಗ ಓಟಕ್ಕಿಂತ ಒಂದನ್ನೊಂದು ದೂಡುವ ಬಲವೇ ಜಾಸ್ತಿ. ತೇರಿನ ನೂಕುನುಗ್ಗಲಲ್ಲಿ ಒಬ್ಬ ಕದಲಿದರೆ ಪಕ್ಕದವನೂ ಕದಲಬೇಕು, ಹಾಗೆ. ಗೇಟ್ ವೋಲ್ಟೇಜ್ (ಹಾಳೆಯಲ್ಲಿ ಎಲೆಕ್ಟ್ರಾನ್ ಹೆಚ್ಚು ಕಡಿಮೆ ಮಾಡಲು ಹೊರಗಿನಿಂದ ಕೊಡುವ ವೋಲ್ಟೇಜ್) ಬದಲಿಸಿ ಪ್ರತಿ ಕಣ್ಣಿನಿಂದ ಎರಡು ಎಲೆಕ್ಟ್ರಾನ್ ತೆಗೆದರೆ ಕರೆಂಟ್ ನಿಲ್ಲುತ್ತದೆ. ಅಲ್ಲಿಂದ ಚೂರು ಆಚೀಚೆ ಮಾಡಿದರೆ ತಡೆಯೇ ಇಲ್ಲದೆ ಹರಿಯುತ್ತದೆ. ಅದೇ ತುಂಡು, ಅದೇ ಇಂಗಾಲ! 2018ರಲ್ಲಿ ಅಮೆರಿಕದ ಎಂಐಟಿಯ ಪಾಬ್ಲೊ ಹರಿಯೊ-ಎರೆರೊ ತಂಡ ತೋರಿಸಿದ್ದು ಇದನ್ನೇ. ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಹೊಟ್ಟೆ ಉರಿಯಿತು. 2011ರಲ್ಲೇ ಈ ಕೋನವನ್ನು ಲೆಕ್ಕ ಹಾಕಿದ್ದ ಭೌತವಿಜ್ಞಾನಿಗಳಾದ ಬಿಸ್ಟ್ರಿಟ್ಜರ್, ಮ್ಯಾಕ್‌ಡೊನಾಲ್ಡ್ ಇಬ್ಬರ ಹೆಸರೂ ಇಲ್ಲ.

ಇನ್ನು, ಕರೆಂಟ್ ತಡೆಯಿಲ್ಲದೆ ಹರಿಯಲು ಬೇಕಾದ ಚಳಿ ನಿಮ್ಮ ಪ್ರಕಾರ ‘1.7 ಡಿಗ್ರಿ ಸೆಲ್ಸಿಯಸ್’. ಅದು ಫ್ರಿಜ್ಜಿನ ಚಳಿ. 1.7 ಕೆಲ್ವಿನ್ ಅಂದರೆ ಸೊನ್ನೆಗಿಂತ 271 ಡಿಗ್ರಿ ಕೆಳಗೆ. ಇದನ್ನು ತಿದ್ದಿದರೆ ‘ಕರೆಂಟ್ ಬಿಲ್ ಇಲ್ಲದ ಕಾಲ ಬಂತು’ ಎನ್ನುವ ಕೊನೆಯ ಪ್ಯಾರಾ ತಾನಾಗೇ ಉದುರುತ್ತದೆ.

900 ಪದದೊಳಗೆ ಮತ್ತೆ ಬರೆದು ಕಳಿಸಿ. ಶೀರ್ಷಿಕೆಯಲ್ಲಿ ‘ಅದ್ಭುತ’ ಬೇಡ.

– ಸಂಪಾದಕ