ಒಳ್ಳೆಯ ಕೆಲಸಕ್ಕೂ ದೇವರು ಬೇಡ ಅನ್ನುತ್ತಾನಾ?

ಅನ್ನಬಹುದು. ಬೈಬಲಿನ ರಾಜ ದಾವೀದನನ್ನೇ ನೋಡಿ. ತಾನು ದೇವದಾರು ಮರದ ಮನೆಯಲ್ಲಿ, ದೇವರ ಮಂಜೂಷ, ಅಂದರೆ ದಶಾಜ್ಞೆಗಳಿದ್ದ ಪವಿತ್ರ ಪೆಟ್ಟಿಗೆ, ಗುಡಾರದಲ್ಲಿ ಅಂತ ಅವನಿಗೆ ಸಂಕಟ. ಆಲಯ ಕಟ್ಟಲು ಹೊರಟ. ಪ್ರವಾದಿ ನಾತಾನನೂ ಮೊದಲು ಒಪ್ಪಿದ. ಅದೇ ರಾತ್ರಿ ದೇವರ ಮಾತು ಬಂತು: ಕಟ್ಟುವವನು ನೀನಲ್ಲ, ನಿನ್ನ ಮಗ. ಆಸೆ ತಪ್ಪಲ್ಲ, ದೇವರು ಅದನ್ನು ಮೆಚ್ಚಿದ್ದ ಅಂತ ಆ ಮಗ ಸೊಲೊಮೋನನೇ ಮುಂದೆ ಹೇಳುತ್ತಾನೆ. ದಾವೀದ ಮುನಿಸಿಕೊಂಡು ಕೂರಲಿಲ್ಲ. ಮಗನಿಗಾಗಿ ಚಿನ್ನ, ಕಬ್ಬಿಣ, ಮರ ಕೂಡಿಸಿಟ್ಟ. ನನಗೆ ಜಾಸ್ತಿ ಹಿಡಿಸುವುದು ಇದೇ.

ಹಾಗಂತ ಅಡ್ಡಿ ಬಂದ ಕೂಡಲೇ ಕೈಬಿಡಬೇಡಿ. ಪ್ರಾರ್ಥಿಸಿ, ಹಿರಿಯರನ್ನು ಕೇಳಿ.

ಕೋಲಾರದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್‌ಗೆ ಕೊಠಡಿ ಕಟ್ಟಿಸಲು ಮೂರು ವರ್ಷ ಓಡಾಡಿದೆ. ಜಾಗದ ಕಾಗದ ಆಗಲೇ ಇಲ್ಲ. ತಂದಿದ್ದ ಇಟ್ಟಿಗೆ ಒಬ್ಬ ವಿಧವೆ ತಾಯಿಯ ಮನೆಗೆ ಹೋಯಿತು. ಆ ಹಸಿ ಗೋಡೆಗೆ ಬೆಳಿಗ್ಗೆ ನೀರು ಹೊಡೆಯುವಾಗ ನನ್ನ ಸಿಟ್ಟು ಇಳಿಯಿತು.